ವಿಟ್ಬಿಯ ದಂಡೆಯಲ್ಲಿ ಸಾಲಿಗ್ರಾಮ

ಕೊಪ್ಪಳ

ವಿಲಾಯತಿಗೆ ಹೋಗಿ ಬಂದವನನ್ನು ಜನ ಸುಮ್ಮನೆ ಬಿಡುವುದಿಲ್ಲ. ನಮ್ಮ ಹತ್ತಿ ಅಂಗಡಿಗೆ ಕುಷ್ಟಗಿ, ಯಲಬುರ್ಗಾ ಕಡೆಯ ರೈತರು ಬಂದರೆ ಹತ್ತಿ ತೂಗುವುದಕ್ಕೆ ಮೊದಲು ಇದನ್ನೇ ಕೇಳುತ್ತಾರೆ: "ಶೆಟ್ರ, ಬಾದಶಹನ ಅರಮನಿ ನೋಡಿದ್ರೇನ್ರಿ? ನೆಲದ ಬುಡಕ ರೈಲು ಓಡತೈತಂತ, ಖರೇನ?" ಅರಮನೆಯನ್ನು ನಾನು ನೋಡಲಿಲ್ಲ. ನೆಲದಡಿಯ ರೈಲಿನಲ್ಲಿ ಒಮ್ಮೆ ಕುಳಿತೆ, ಇಳಿಯಬೇಕಾದಲ್ಲಿ ಇಳಿಯದೆ ಇನ್ನೆಲ್ಲೋ ಇಳಿದೆ. ನಾನು ಸರಿಯಾಗಿ ನೋಡಿ ಬಂದದ್ದು ಕಲ್ಲು. ಹಾಗೆಂದರೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗುವುದರಲ್ಲಿ ತಪ್ಪೇನೂ ಇಲ್ಲ. ಕೊಪ್ಪಳದಲ್ಲಿ ಮನೆಯಿಂದ ಹೊರಗೆ ಕಾಲಿಟ್ಟರೆ ಕಾಣುವುದೇ ಕಲ್ಲಿನ ಗುಡ್ಡ.

ಹೋದದ್ದು ಯಂತ್ರ ಕೊಳ್ಳುವುದಕ್ಕೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಹತ್ತಿಯಿಂದ ಕಾಳು ಬಿಡಿಸುವ ನಮ್ಮ ಯಂತ್ರ ಮುದಿಯಾಗಿ ಅರಳೆಯನ್ನೂ ಹರಿದು ಹಾಕುತ್ತಿತ್ತು. ಇಂಗ್ಲೆಂಡಿನ ಓಲ್ಡಮ್ ಎಂಬ ಊರಿನಲ್ಲಿ ಒಳ್ಳೆಯವು ಸಿಗುತ್ತವೆ, ಕಣ್ಣಾರೆ ನೋಡಿ ತನ್ನಿ ಎಂದು ಮುಂಬಯಿಯ ದಲಾಲರು ಹುರಿದುಂಬಿಸಿದರು. ನಾನು ಓದಿದ್ದು ಉರ್ದು ಶಾಲೆಯಲ್ಲಿ. ಇಂಗ್ಲಿಷು ಏನಿದ್ದರೂ ವ್ಯಾಪಾರದ ಪತ್ರ ಓದಿಕೊಳ್ಳುವಷ್ಟು. ಆದರೂ ಹೊರಟೆ. ಆದರೆ ಹೊರಡುವಾಗ ನನ್ನ ಮನಸ್ಸು ಯಂತ್ರದ ಮೇಲೆ ಇರಲಿಲ್ಲ, ಏಕೆಂದರೆ ಮನೆಯಲ್ಲಿ ದೇವರು ಒಡೆದಿದ್ದ.

ನಮ್ಮದು ವೈಶ್ಯರ ಮನೆ. ಮುತ್ತಜ್ಜನಿಗೆ ಕಾಶಿ ಕಡೆಯ ಸನ್ಯಾಸಿಯೊಬ್ಬರು ಕೊಟ್ಟ ಸಾಲಿಗ್ರಾಮವನ್ನು ಅಂದಿನಿಂದ ಪೂಜಿಸುತ್ತ ಬಂದಿದ್ದೇವೆ. ಗಂಡಕಿ ನದಿಯಲ್ಲಿ ಸಿಗುವ ಕಪ್ಪು ಗುಂಡುಕಲ್ಲು ಅದು; ಮುಷ್ಟಿಯಲ್ಲಿ ಹಿಡಿಸುವಷ್ಟು. ಒಳಗೆ ವಿಷ್ಣುವಿನ ಚಕ್ರ ಇರುತ್ತದೆ. ಪಕ್ಕದ ಸಣ್ಣ ರಂಧ್ರದಲ್ಲಿ ದೀಪ ಹಿಡಿದು ಇಣುಕಿದರೆ ಚಕ್ರದ ಅಂಚು ಕಾಣುತ್ತಿತ್ತು. ಹೆಂಗಸರು ಅದನ್ನು ಮುಟ್ಟುವುದಿಲ್ಲ. ಅವತ್ತು ನಾನು ಹತ್ತಿ ಖರೀದಿಗೆಂದು ಕುಷ್ಟಗಿಗೆ ಹೋಗಿದ್ದೆ. ಪೂಜೆಗೆ ಕುಳಿತವನು ನನ್ನ ತಮ್ಮ ವೆಂಕಟೇಶ. ಅಭಿಷೇಕ ಮುಗಿಸಿ ಒದ್ದೆ ಕೈಯಲ್ಲಿ ಸಾಲಿಗ್ರಾಮವನ್ನು ಪೀಠಕ್ಕೆ ಏರಿಸುವಾಗ ಅದು ಜಾರಿತು. ಹೂವಿನ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ರುಕ್ಮಿಣಿ ಬುಟ್ಟಿ ಬಿಟ್ಟು ಎರಡೂ ಕೈ ಒಡ್ಡಿದಳು. ಅದು ಅವಳ ಅಂಗೈಗೆ ಬಡಿದು, ಅಲ್ಲಿಂದ ಪುಟಿದು, ಬಂಡೆಯ ನೆಲಕ್ಕೆ ಬಿದ್ದು ಎರಡು ಹೋಳಾಯಿತು.

ಅಡುಗೆಮನೆಯಿಂದ ಓಡಿ ಬಂದ ಅವ್ವನಿಗೆ ಕಂಡದ್ದು ಒಡೆದ ದೇವರು ಮತ್ತು ಸೊಸೆಯ ಚಾಚಿದ ಕೈ.

"ಮುಟ್ಟಬಾರದ್ದು ಮುಟ್ಟಿದ್ಲು. ದೇವ್ರ ಹೊಟ್ಟಿ ಬಯಲಾತು. ಹೊಸಾ ಸಾಲಿಗ್ರಾಮ ಈ ಮನಿಗೆ ಬರೋಮಟಾ ಆಕಿ ಈ ಹೊಸ್ತಿಲಾ ತುಳಿಯೂದು ಬ್ಯಾಡ" ಎಂದಳಂತೆ.

ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗಿ ಯಲಬುರ್ಗಾದ ತವರಿಗೆ ಹೋದಳು. ನನ್ನ ತಮ್ಮ ಒಳ್ಳೆಯವನು, ಆದರೆ ಅವ್ವನ ಮುಂದೆ ಅವನಿಗೆ ಬಾಯಿ ಎಂಬುದೇ ಇಲ್ಲ; ಜಾರಿದ್ದು ತನ್ನ ಕೈಯಿಂದ ಎಂದು ಅವನು ಯಾರಿಗೂ ಹೇಳಲಿಲ್ಲ, ನನಗೂ ಅದು ತಿಳಿದದ್ದು ಬಹಳ ಆಮೇಲೆ. ನಾನು ಆನೆಗೊಂದಿಯಿಂದ ನಮ್ಮ ಆಚಾರ್ಯರನ್ನು ಕರೆಸಿ ಕೇಳಿದೆ. ಅವರು ಹಜಾರದ ಕಂಬದ ಮರೆಗೆ ಕರೆದೊಯ್ದು ಪಿಸುಗುಟ್ಟಿದರು: "ಶಾಸ್ತ್ರದಾಗ ಒಡದ ಸಾಲಿಗ್ರಾಮಕ್ಕೂ ದೋಷ ಇಲ್ರಿ, ಧಾರಾಳ ಪೂಜಿ ಮಾಡಬಹುದು. ಆದ್ರ ನಿಮ್ಮ ಅವ್ವಾರಿಗೆ ಅದನ್ನ ಹೇಳೋರು ಯಾರ್ರಿ? ನಾನಂತೂ ಅಲ್ಲ." ಹೊಸದನ್ನು ತರೋಣವೆಂದರೆ ಸಾಲಿಗ್ರಾಮವನ್ನು ದುಡ್ಡು ಕೊಟ್ಟು ಕೊಳ್ಳುವಂತಿಲ್ಲ, ಯಾರಾದರೂ ತಾವಾಗಿ ಕೊಡಬೇಕು. ಕೊಪ್ಪಳದಲ್ಲಿ ಯಾರು ಕೊಡುತ್ತಾರೆ? ಅಷ್ಟರಲ್ಲಿ ಗಂಗಾವತಿಯಿಂದ ವೆಂಕಟೇಶನಿಗೆ ಇನ್ನೊಂದು ಹುಡುಗಿಯ ಜಾತಕ ಬಂತು. ಅವ್ವ ಬೇಕು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ, ದೇವರ ಗೂಡಿನಲ್ಲಿಟ್ಟಳು.

"ನೀ ಹೋಗಿ ಬಾ. ಬಂದಮ್ಯಾಲೆ ನೋಡೂಣು" ಎಂದು ನನ್ನನ್ನು ರೈಲು ಹತ್ತಿಸಿದಳು.

ಹಡಗು

ಹಡಗಿನ ಬಗ್ಗೆ ಹೆಚ್ಚು ಹೇಳಲಾರೆ. ಏಡನ್ ಬರುವವರೆಗೆ ಮಲಗಿಯೇ ಇದ್ದೆ. ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವನಿಗೆ ನೀರಿನ ಭಯವಿಲ್ಲ ಎಂದು ಮನೆಯಲ್ಲಿ ಜಂಬ ಕೊಚ್ಚಿದ್ದೆ. ಹರಿಗೋಲು ಸುತ್ತುತ್ತದೆ, ಏಳುವುದಿಲ್ಲ ಬೀಳುವುದಿಲ್ಲ. ಹಡಗು ಸುತ್ತುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿತು. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ, ಸಜ್ಜೆಯ ರೊಟ್ಟಿ ಡಬ್ಬಿಯಲ್ಲೇ ಉಳಿದವು. ಪಕ್ಕದ ಗುಜರಾತಿ ವ್ಯಾಪಾರಿಯೊಬ್ಬ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಇದನ್ನು ತಿನ್ನುತ್ತಾರೋ ಹಲಗೆಯಂತೆ ಬಡಿಯುತ್ತಾರೋ ಎಂದು ಕೇಳಿದ.

ಓಲ್ಡಮ್

ಓಲ್ಡಮ್ ಮುಟ್ಟಿದ ದಿನ ಸ್ಟೇಷನ್ನಿನ ಹೊರಗೆ ಪೆಟ್ಟಿಗೆ ಇಳಿಸಿ ಸುತ್ತ ನೋಡಿದೆ. ಎಲ್ಲಿ ನೋಡಿದರೂ ಗಿರಣಿಯ ಚಿಮಣಿಗಳು, ಒಂದರಲ್ಲೂ ಹೊಗೆಯಿಲ್ಲ. ಅಂಗಡಿಗಳು ಮುಚ್ಚಿವೆ. ಸಾಲು ಸಾಲು ಮನೆಗಳಿಗೆ ಬೀಗ. ಬೀದಿಯಲ್ಲಿ ಒಂದು ಬೆಕ್ಕು ನಡುದಾರಿಯಲ್ಲೇ ಕುಳಿತು ಮೈ ನೆಕ್ಕುತ್ತಿದೆ. ಇಂಥ ಊರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ಇಲಿಗಳು ಸತ್ತು ಬಿದ್ದು ಪ್ಲೇಗು ಬಂದಾಗ ನಮ್ಮ ಓಣಿಯ ಜನರೆಲ್ಲ ಮನೆಗೆ ಬೀಗ ಜಡಿದು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಆಗ ಊರು ಹೀಗೆಯೇ ಇತ್ತು. ನಾನು ಪೆಟ್ಟಿಗೆ ಬಿಚ್ಚಿ ಅವ್ವ ಕೊಟ್ಟ ಕರ್ಪೂರ ತೆಗೆದು ಕರವಸ್ತ್ರದಲ್ಲಿ ಕಟ್ಟಿ ಮೂಗಿಗೆ ಹಿಡಿದುಕೊಂಡೆ.

ನಾನು ಉಳಿಯಬೇಕಿದ್ದ ಮನೆಯ ಒಡತಿ ಮಿಸೆಸ್ ಕ್ಲೆಗ್, ಗಿರಣಿಯಲ್ಲಿ ದುಡಿದು ನಿವೃತ್ತಳಾದ ವಿಧವೆ, ಬಾಗಿಲು ತೆರೆದಳು. ನಾನು ನಮಸ್ಕಾರವನ್ನೂ ಮರೆತು, ನನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದೆ: "ಅಮ್ಮಾ, ಇಲಿಗಳು ಎಲ್ಲಿ ಬಿದ್ದಿವೆ?"

ಅವಳ ಮುಖ ಕೆಂಪಾಯಿತು. ತನ್ನ ಮನೆಯಲ್ಲಿ ಇಲಿ ಇಲ್ಲವೆಂದೂ, ಬೇಕಾದರೆ ಹಾಸಿಗೆ ಎತ್ತಿ ನೋಡಬಹುದೆಂದೂ ಹೇಳಿದಳು. ಅವಳ ಮಾತಿನ ಕೊನೆಗೆಲ್ಲ "ಲವ್" ಎಂಬ ಶಬ್ದ ಬರುತ್ತಿತ್ತು. ಇದೇನು ಗತಿ ಬಂತಪ್ಪ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆಮೇಲೆ ನೋಡಿದರೆ ಹಾಲಿನವನಿಗೂ ಅದನ್ನೇ ಅಂದಳು, ಬೆಕ್ಕಿಗೂ ಅಂದಳು. ನಮ್ಮ ಕಡೆ ಕಂಡವರಿಗೆಲ್ಲ "ತಮ್ಮಾ, ಯಪ್ಪಾ" ಎನ್ನುತ್ತೇವಲ್ಲ, ಅಷ್ಟೇ.

ಊರಿಗೆ ರೋಗ ಬಂದಿರಲಿಲ್ಲ, ರಜೆ ಬಂದಿತ್ತು. ವರ್ಷಕ್ಕೊಮ್ಮೆ ಗಿರಣಿಗಳನ್ನೆಲ್ಲ ಒಂದೇ ಸಲ ನಿಲ್ಲಿಸಿ ಇಡೀ ಊರು ಸಮುದ್ರ ನೋಡಲು ಹೋಗುತ್ತದಂತೆ. ಯಂತ್ರದ ಕಾರ್ಖಾನೆಗೂ ಬೀಗ. ಸಾವಿರಾರು ಮೈಲಿ ದೂರದಿಂದ ಆ ವಾರವನ್ನೇ ಹುಡುಕಿಕೊಂಡು ಬಂದ ನನ್ನನ್ನು ನೋಡಿ ಮಿಸೆಸ್ ಕ್ಲೆಗ್‌ಗೆ ಕನಿಕರ ಹುಟ್ಟಿತು. ಅವಳೂ ಅಣ್ಣನ ಮನೆಗೆ ಹೊರಟಿದ್ದಳು. ಪೂರ್ವದ ಕಡಲ ತೀರದಲ್ಲಿ ವಿಟ್ಬಿ ಎಂಬ ಮೀನುಗಾರರ ಊರು. ಅಣ್ಣ ಮಿಸ್ಟರ್ ಹೋಲ್ಟ್ ಅಲ್ಲಿ ಶಾಲಾ ಮಾಸ್ತರನಾಗಿದ್ದವನು. ಒಬ್ಬನೇ ಇಲ್ಲಿ ಕುಳಿತು ಏನು ಮಾಡುತ್ತೀ, ನೀನೂ ಬಾ ಎಂದಳು. ಗುರುತು ಪರಿಚಯವಿಲ್ಲದವನನ್ನು ಅಣ್ಣನ ಮನೆಗೆ ಕರೆದೊಯ್ಯುವ ಧೈರ್ಯ ನಮ್ಮ ಕಡೆಯ ಹೆಂಗಸರಿಗೆ ಇದೆಯೋ ಇಲ್ಲವೋ, ಗೊತ್ತಿಲ್ಲ. ನಾನು ಹೋದೆ.

ವಿಟ್ಬಿ, ಬಾಗಿಲಲ್ಲಿ

ಮಳೆಯಲ್ಲಿ ಇಳಿದೆವು. ಮೆಟ್ಟಿಲು ಹತ್ತಿ ಹೋಲ್ಟ್ ಮಾಸ್ತರರ ಮನೆ ಮುಟ್ಟುವಷ್ಟರಲ್ಲಿ ಮೂವರೂ ತೊಯ್ದಿದ್ದೆವು. ಮೂರನೆಯವರು ನಮ್ಮನ್ನು ಕರೆಯಲು ಬಂದ ಮಾಸ್ತರರೇ. ಅಣ್ಣ ತಂಗಿ ಒಳಗೆ ಹೋದರು. ನಾನು ಹೊಸ್ತಿಲ ಹತ್ತಿರ ನಿಂತುಬಿಟ್ಟೆ.

ಬಾಗಿಲು ಗಾಳಿಗೆ ಮುಚ್ಚದಂತೆ ಅದಕ್ಕೆ ಒಂದು ಕಲ್ಲು ಒತ್ತಿಟ್ಟಿದ್ದರು. ಕಪ್ಪು ಕಲ್ಲು, ಪೂಜೆಯ ತಟ್ಟೆಯಷ್ಟು ದೊಡ್ಡದು, ಮೈತುಂಬ ಚಕ್ರ. ಹೊರಗಿನಿಂದ ಒಳಕ್ಕೆ ಸುತ್ತಿ ಸುತ್ತಿ ನಡುವಿನಲ್ಲಿ ಚುಕ್ಕೆಯಾಗಿ ಮುಗಿಯುವ ಚಕ್ರ. ನಮ್ಮ ಮನೆಯದರಲ್ಲಿ ದೀಪ ಹಿಡಿದು ಇಣುಕಿದರೆ ಅಂಚಷ್ಟೇ ಕಾಣುತ್ತಿದ್ದದ್ದು ಇಲ್ಲಿ ಇಡಿಯಾಗಿ, ಬಾಗಿಲ ಬುಡದಲ್ಲಿ, ಕೆಸರು ಬೂಟುಗಳ ಪಕ್ಕದಲ್ಲಿ ಬಿದ್ದಿತ್ತು. ಅದನ್ನು ದಾಟಿ ಹೋಗಲು ಕಾಲೇ ಏಳಲಿಲ್ಲ. ಬೂಟು ಕಳಚಿದೆ. ಕೈ ತಾನಾಗಿಯೇ ಮುಗಿಯಿತು. ಮಳೆ ಸುರಿಯುತ್ತಲೇ ಇತ್ತು.

"ತಲೆ ಸುತ್ತುತ್ತಿದೆಯೇ, ಲವ್?" ಎಂದು ಮಿಸೆಸ್ ಕ್ಲೆಗ್ ಒಳಗಿನಿಂದ ಕೂಗಿದಳು.

ಏನು ಹೇಳಲಿ? ಬಾಗಿಲಿಗೆ ದೇವರನ್ನು ಅಡ್ಡ ಇಟ್ಟಿದ್ದೀರಿ ಎಂದು ಹೇಗೆ ಹೇಳುವುದು? ಕೈ ತೋರಿಸಿದೆ. ಅವಳು ನನ್ನ ಬರಿಗಾಲು ನೋಡಿದಳು, ಕಲ್ಲು ನೋಡಿದಳು. ಏನು ತಿಳಿಯಿತೋ, ಬಗ್ಗಿ ಎರಡೂ ಕೈಯಿಂದ ಅದನ್ನು ಎತ್ತಿ, ತನ್ನ ಕೊರಳ ವಸ್ತ್ರದಿಂದ ಒರೆಸಿ, ಮೇಜಿನ ಮೇಲೆ ಇಟ್ಟಳು. ಬಾಗಿಲು ಧಡ್ ಎಂದು ಮುಚ್ಚಿತು. ಆಮೇಲೆ ಮತ್ತೆ ತೆರೆದು ನನ್ನನ್ನು ಒಳಗೆ ಕರೆದುಕೊಂಡರು.

ಒಳಗಂತೂ ಗೋಡೆಯುದ್ದಕ್ಕೂ ಅವೇ. ಗುಂಡಿಯಷ್ಟು ಸಣ್ಣವು, ಬಂಡಿಯ ಗಾಲಿಯ ನಡುವಿನ ಕುಂಭದಷ್ಟು ದೊಡ್ಡವು. ಒಂದಕ್ಕೆ ಹಾವಿನ ತಲೆಯೂ ಕಣ್ಣೂ ಇದ್ದವು. ಶೇಷನೂ ಇಲ್ಲಿಗೇ ಬಂದನೇ ಎಂದು ನಾನು ಬೆಪ್ಪಾದೆ. ಹಿಂದೆ ಒಬ್ಬ ಸನ್ಯಾಸಿನಿ ಈ ಊರಿನ ಹಾವುಗಳನ್ನೆಲ್ಲ ಶಪಿಸಿ ಕಲ್ಲು ಮಾಡಿದಳು ಎಂದು ಮಿಸೆಸ್ ಕ್ಲೆಗ್ ಹೇಳಿದಳು. ಹೋಲ್ಟ್ ಮಾಸ್ತರರು ನಕ್ಕು, ಕಲ್ಲಿನ ಹಾವಿಗೆ ತಲೆಯಿಲ್ಲವಲ್ಲ ಎಂದು ಗಿರಾಕಿಗಳು ತಕರಾರು ಮಾಡುತ್ತಿದ್ದುದರಿಂದ ಅಂಗಡಿಯವರೇ ತಲೆ ಕೆತ್ತಿದರು ಎಂದರು. ವ್ಯಾಪಾರಿಯಾದ ನನಗೆ ಅದು ಚೆನ್ನಾಗಿ ಅರ್ಥವಾಯಿತು.

"ಹಾಗಾದರೆ ಇದು ಏನು?" ಎಂದೆ.

"ಒಂದು ಪ್ರಾಣಿ. ಕಡಲಿನದು. ಸುರುಳಿ ಚಿಪ್ಪಿನೊಳಗೆ ಕುಳಿತು ಈಜುತ್ತಿತ್ತು. ಅಮ್ಮೊನೈಟ್ ಎನ್ನುತ್ತೇವೆ. ಈಜಿಪ್ಟಿನಲ್ಲಿ ಟಗರಿನ ಕೊಂಬಿನ ಒಬ್ಬ ದೇವರಿದ್ದ. ಆ ಕೊಂಬಿನಂತೆ ಸುತ್ತಿದೆ ಎಂದು ಅವನ ಹೆಸರೇ ಇದಕ್ಕೆ."

ಪ್ರಾಣಿ ಎಂದಾಗ ಎದೆ ಕುಸಿದಿತ್ತು, ದೇವರ ಹೆಸರು ಎಂದಾಗ ಮತ್ತೆ ಎದ್ದಿತು. ಅವತ್ತು ಊಟಕ್ಕೆ ಕರಿದ ಆಲೂಗಡ್ಡೆ ಕೊಟ್ಟರು. ಬಹಳ ರುಚಿಯಾಗಿತ್ತು. ಯಾವುದರಲ್ಲಿ ಕರಿದದ್ದು ಎಂದು ಮರುದಿನ ತಿಳಿಯಿತು. ಎಣ್ಣೆಯಲ್ಲ ಎಂದಷ್ಟೇ ಹೇಳಬಲ್ಲೆ, ಉಳಿದದ್ದನ್ನು ಇಲ್ಲಿ ಬರೆಯಲಾರೆ. ಅವ್ವ ಯಾರಿಂದಲಾದರೂ ಓದಿಸಿ ಕೇಳಿಯಾಳು.

ವಿಟ್ಬಿ, ಬಂಡೆಯ ಬುಡದಲ್ಲಿ

ಸಮುದ್ರ ಹಿಂದೆ ಸರಿದಾಗ ಹೋಲ್ಟ್ ಮಾಸ್ತರರು ನಮ್ಮನ್ನು ದಂಡೆಗೆ ಕರೆದೊಯ್ದರು. ಒಂದು ಕಡೆ ಕಡಲು, ಇನ್ನೊಂದು ಕಡೆ ಮನೆಗಳ ಎತ್ತರಕ್ಕೆ ನಿಂತ ಕಪ್ಪು ಬಂಡೆ. ನಮ್ಮ ಗುಡ್ಡಗಳಂತೆ ಗುಂಡು ಮೇಲೆ ಗುಂಡು ಕೂತದ್ದಲ್ಲ. ಹಾಳೆ ಹಾಳೆಯಾಗಿ, ಒಟ್ಟಿದ ಜೋಳದ ರೊಟ್ಟಿಯಂತೆ. ಉಗುರಿನಿಂದ ಕೆರೆದರೆ ಪುಡಿ ಬರುತ್ತಿತ್ತು.

ಇದೆಲ್ಲ ಕಡಲಡಿಯ ಕೆಸರು ಎಂದರು. ಎಷ್ಟು ಹಿಂದಿನದು ಎಂಬುದಕ್ಕೆ ಅವರು ಹೇಳಿದ ಸಂಖ್ಯೆ ನನ್ನ ತಲೆಗೆ ಹಿಡಿಸಲಿಲ್ಲ. ನಮ್ಮವರು ಯುಗಗಳ ಲೆಕ್ಕ ಹೇಳುವಾಗಲೂ ಹಿಡಿಸುವುದಿಲ್ಲ, ಹಾಗಾಗಿ ಬೇಸರವೇನೂ ಆಗಲಿಲ್ಲ. ಜುರಾಸಿಕ್ ಕಾಲ ಎಂದು ಅದಕ್ಕೆ ಹೆಸರು. ಮಾಸ್ತರರು ಕೋಲನ್ನು ಬಂಡೆಗೆ ಅಡ್ಡಲಾಗಿ ಹಿಡಿದರು.

"ಕೋಲಿನ ಕೆಳಗೆ ನೋಡು. ಚಿಪ್ಪು, ಹುಳ ತೆವಳಿದ ಗುರುತು, ಎಲ್ಲ ಇವೆ. ಮೇಲೆ ನೋಡು."

ಮೇಲೆ ನೋಡಿದೆ. ಕರೀ ಕಲ್ಲು, ಅಲ್ಲಲ್ಲಿ ಒಂದೊಂದು ಚಕ್ರ, ಮತ್ತೇನೂ ಇಲ್ಲ.

"ಅವೆಲ್ಲ ಎಲ್ಲಿ ಹೋದವು?"

"ಎಲ್ಲಿಗೂ ಹೋಗಲಿಲ್ಲ. ತಳದ ನೀರು ಕೊಳೆಯಿತು. ಉಸಿರು ಸಿಗದೆ ತಳದಲ್ಲಿದ್ದವು ಸತ್ತವು. ಮೇಲಿನ ನೀರಿನಲ್ಲಿ ಈಜುತ್ತಿದ್ದ ಅಮ್ಮೊನೈಟುಗಳು ಸತ್ತಾಗಲೆಲ್ಲ ಆ ಕೆಸರಿಗೆ ಬಂದು ಬಿದ್ದವು. ತಿನ್ನುವುದಕ್ಕೂ ಕೆಳಗೆ ಯಾವ ಜೀವವೂ ಇರಲಿಲ್ಲ, ಅದಕ್ಕೇ ಚಿಪ್ಪು ಇಷ್ಟು ಚೆನ್ನಾಗಿ ಉಳಿಯಿತು. ಆಮೇಲೆ ಬೇರೆ ಜಾತಿಯವು ಬಂದವು, ಹೋದವು. ಕೊನೆಗೆ ಇನ್ನೊಂದು ಕಾಲದಲ್ಲಿ ಅಮ್ಮೊನೈಟಿನ ವಂಶವೇ ಮುಗಿಯಿತು."

"ಯಾವ ಸಮುದ್ರದಲ್ಲೂ ಒಂದೂ ಉಳಿಯಲಿಲ್ಲವೇ?"

"ಒಂದೂ ಇಲ್ಲ."

ಪ್ಲೇಗಿನಲ್ಲಿ ಊರು ಬಿಟ್ಟವರು ಗುಡಿಸಲು ಕಿತ್ತು ತಿರುಗಿ ಬಂದಿದ್ದರು. ಓಲ್ಡಮ್ಮಿನವರು ಸೋಮವಾರ ಬರುತ್ತಾರೆ. ಇವು ಬರಲೇ ಇಲ್ಲ ಎಂದರೆ ನನಗೆ ನಂಬಲಾಗಲಿಲ್ಲ. ಒಂದು ವಂಶ ಹಾಗೆ ಪೂರ್ತಿ ಹೇಗೆ ಮುಗಿಯುತ್ತದೆ? ಮುಗಿದುಹೋದ ವಂಶದ ಚಿಪ್ಪಿಗೆ ನಾಲ್ಕು ತಲೆಮಾರು ತುಳಸಿ ಏರಿಸಿದ್ದೇವೆಯೇ? ನಾನು ಸಾಲಿಗ್ರಾಮದ ಗಾತ್ರ, ರೂಪ, ಗಂಡಕಿ ನದಿ ಎಲ್ಲವನ್ನೂ ಹೇಳಿದೆ. ಮಾಸ್ತರರು ಕಣ್ಣರಳಿಸಿದರು. ಅದೂ ಇದೇ ಪ್ರಾಣಿ ಎಂದರು. ಹಿಮಾಲಯ ಇರುವಲ್ಲಿ ಆಗ ಕಡಲಿತ್ತಂತೆ. ನಿಮ್ಮ ಊರಿನ ಕಲ್ಲುಗಳಲ್ಲಿ ಏನಿದೆ ಎಂದು ಕೇಳಿದರು. ಆನೆಗೊಂದಿಯ ಗುಡ್ಡಗಳನ್ನು ವರ್ಣಿಸಿದೆ. ಅಂಥ ಕಲ್ಲಿನಲ್ಲಿ ಇಂಥವು ಸಿಗುವುದಿಲ್ಲ, ಅದು ಪ್ರಾಣಿಗಳೇ ಹುಟ್ಟುವ ಮುಂಚಿನದು ಎಂದರು. ನನಗೆ ಸ್ವಲ್ಪ ಹೆಮ್ಮೆಯಾಯಿತು, ಏಕೋ ತಿಳಿಯದು.

ಅಷ್ಟರಲ್ಲಿ ಅವರು ಮರಳಿನಿಂದ ಒಂದು ಗುಂಡುಕಲ್ಲು ಎತ್ತಿ ನನ್ನ ಕೈಗಿತ್ತರು. ಮುಷ್ಟಿಗಾತ್ರ, ಕಪ್ಪು, ನುಣುಪು. ತೂಕವೂ ನಮ್ಮ ಮನೆಯದರಷ್ಟೇ. ನೋಡುತ್ತ ನಿಂತಿದ್ದೆ. ಕಾಲ ಬುಡಕ್ಕೆ ತೆರೆ ನುಗ್ಗಿತು. ಬೆಚ್ಚಿದೆ. ಕಲ್ಲು ಒದ್ದೆ ಕೈಯಿಂದ ಜಾರಿ ಬಂಡೆಗೆ ಬಿದ್ದು ಟಪ್ಪೆಂದು ಎರಡು ಹೋಳಾಯಿತು.

ನನ್ನ ಬಾಯಿಂದ "ಕೆಟ್ಟೆ" ಎಂದು ಕನ್ನಡದಲ್ಲೇ ಬಂತು. ಆದರೆ ಮಾಸ್ತರರು ಓಡಿ ಬಂದು ನನ್ನ ಕೈ ಹಿಡಿದು ಕುಲುಕಿದರು. ಮಿಸೆಸ್ ಕ್ಲೆಗ್ ಚಪ್ಪಾಳೆ ಹೊಡೆದಳು. "ಎಂಥಾ ಅದೃಷ್ಟ! ನಾವು ಸುತ್ತಿಗೆ ಹೊಡೆದರೂ ಇಷ್ಟು ಚಂದ ಬಿಚ್ಚುವುದಿಲ್ಲ!" ಎರಡೂ ಹೋಳುಗಳಲ್ಲಿ ಚಕ್ರ ಪೂರ್ತಿಯಾಗಿ ಮೂಡಿತ್ತು. ಒಂದರಲ್ಲಿ ಉಬ್ಬು, ಇನ್ನೊಂದರಲ್ಲಿ ತಗ್ಗು.

ನನಗೆ ಅಳು ಬಂತು. ಮರೆಮಾಚಿ ಬರೆದು ಏನು ಪ್ರಯೋಜನ, ದಂಡೆಯ ಮೇಲೆ ಕುಳಿತು ಅತ್ತೆ. ಕೈಯಿಂದ ಕಲ್ಲು ಬಿದ್ದದ್ದಕ್ಕೆ ಇಲ್ಲಿ ನನ್ನ ಕೈ ಕುಲುಕುತ್ತಾರೆ. ಅಲ್ಲಿ ಒಬ್ಬಳು ಕೈ ಒಡ್ಡಿದ್ದಕ್ಕೆ ಮನೆ ಬಿಟ್ಟಿದ್ದಾಳೆ. ಅವರಿಬ್ಬರಿಗೂ ರುಕ್ಮಿಣಿಯ ಕಥೆ ಹೇಳಿದೆ, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ.

ಹೋಲ್ಟ್ ಮಾಸ್ತರರು ಎರಡು ಹೋಳುಗಳನ್ನೂ ಜೋಡಿಸಿ ಹಿಡಿದು, ಚಿಪ್ಪು ಇರುವ ಕಡೆಯೇ ಕಲ್ಲಿಗೆ ಬಲ ಕಡಿಮೆ, ಅಲ್ಲೇ ಅದು ಬಿಚ್ಚುತ್ತದೆ, ಇದರಲ್ಲಿ ಯಾರ ತಪ್ಪೂ ಇಲ್ಲ, ನಿನ್ನ ತಾಯಿಗೆ ಹೀಗೆ ಹೇಳು ಎಂದರು. ಮಿಸೆಸ್ ಕ್ಲೆಗ್ ಮಾತ್ರ ಸಿಟ್ಟಾಗಿದ್ದಳು. "ಆ ನಿನ್ನ ತಮ್ಮ ಏನು ಮಾಡುತ್ತಿದ್ದಾನೆ?" ಎಂದಳು.

ಹೊರಡುವಾಗ ಮಾಸ್ತರರು ಇನ್ನೊಂದು ಕಲ್ಲು ಕೊಟ್ಟರು, ಒಡೆಯದ್ದು. ಪಕ್ಕದಲ್ಲಿ ಸಣ್ಣ ರಂಧ್ರ, ಒಳಗೆ ಚಕ್ರದ ಅಂಚು. "ನಿಮ್ಮ ಮನೆಗೆ, ನನ್ನ ಕಾಣಿಕೆ" ಎಂದರು.

ತಿರುಗಿ ಹಡಗು

ಯಂತ್ರದ ವ್ಯವಹಾರ ಮುಗಿಯಿತು. ಬರುವಾಗ ಮಲಗಲಿಲ್ಲ, ಕಲ್ಲನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ಸಾಲಿಗ್ರಾಮವನ್ನು ಕೊಳ್ಳಬಾರದು, ಯಾರಾದರೂ ತಾವಾಗಿ ಕೊಡಬೇಕು. ಕೊಟ್ಟಿದ್ದಾರೆ. ಅದೇ ಪ್ರಾಣಿ, ಅದೇ ಚಕ್ರ, ಅದೇ ಕಪ್ಪು. ಮುಂಬಯಿಯಲ್ಲಿ ಒಬ್ಬ ಸಾಧು ಕೊಟ್ಟ ಎಂದರೆ ಮುಗಿಯಿತು. ಹೊಸ ಸಾಲಿಗ್ರಾಮ ಬಂತು, ರುಕ್ಮಿಣಿಯೂ ಬಂದಳು. ಯಾರಿಗೆ ತಿಳಿಯುತ್ತದೆ? ಹಾಗೆ ಅಂದುಕೊಂಡಾಗಲೆಲ್ಲ ಇನ್ನೊಂದು ಪ್ರಶ್ನೆ ಏಳುತ್ತಿತ್ತು. ಗಂಡಕಿಯದು ದೇವರಾದರೆ ವಿಟ್ಬಿಯದು ಏಕಲ್ಲ? ವಿಟ್ಬಿಯದು ಸತ್ತ ಪ್ರಾಣಿಯಾದರೆ ಗಂಡಕಿಯದು ಏಕಲ್ಲ? ಹಾಗ ಅಂದ್ರ ಹೀಗ, ಹೀಗ ಅಂದ್ರ ಹಾಗ. ಆ ಗುಜರಾತಿ ವ್ಯಾಪಾರಿಯಂತೆ ನಾನೂ ಕಲ್ಲನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದೆ.

ಮತ್ತೆ ಕೊಪ್ಪಳ

ಸಮುದ್ರ ದಾಟಿದವನಿಗೆ ಆಗಬೇಕಾದ ಶುದ್ಧಿಯೆಲ್ಲ ಆದಮೇಲೆ ಕಲ್ಲನ್ನು ಅವ್ವನ ಮುಂದಿಟ್ಟೆ. ಸಾಧುವಿನ ಮಾತು ನಾಲಿಗೆಯ ತುದಿಯಲ್ಲಿತ್ತು.

ಅವ್ವ ಬಗ್ಗಿ ನೋಡಿದಳು. "ಇದು ಗಂಡಕಿದೇನೋ?"

"ಇಲ್ಲವ್ವ, ವಿಲಾಯತಿ ಸಮುದ್ರದ್ದು" ಎಂದುಬಿಟ್ಟೆ. ಆಮೇಲೆ ಮಾಸ್ತರರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಚಿಪ್ಪು, ಕೆಸರು, ಕೊಳೆತ ನೀರು, ಮುಗಿದ ವಂಶ. ಅವ್ವ ಬಿದ್ದು ಹೊರಳಾಡುತ್ತಾಳೆ, ಕನಿಷ್ಠ ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಅಡಿಕೆ ಕತ್ತರಿಸುವುದನ್ನೂ ನಿಲ್ಲಿಸಲಿಲ್ಲ.

"ಸಾಲಿಗ್ರಾಮದಾಗ ಹುಳ ಇತ್ತು ಅಂತ ನಾವೂ ಅಂತೀವಲ್ಲೋ. ವಜ್ರಕೀಟ ಕೊರದ ಚಕ್ರ ಆಗೇತಿ ಅಂತ ಆಚಾರ್ರು ಪುರಾಣದಾಗ ಹೇಳ್ತಾರ. ಅದನ್ನ ಕೇಳಾಕ ನೀ ಹಡಗಾ ಹತ್ತಬೇಕಾಗಿತ್ತೇನು?"

"ಹಂಗಾರ ಅದು ತಾನಾಗೇ ಬಿಚ್ಚತೈತವ್ವ. ರುಕ್ಮಿಣಿ ತಪ್ಪಿಲ್ಲ."

"ಹುಳ ಇದ್ರೂ ಅದು ದೇವ್ರ ಹುಳ. ಆಕಿ ಕೈಗೆ ಬಡದು ಒಡೀತು. ಇದನ್ನ ಅಂಗಡ್ಯಾಗ ಇಟ್ಕೋ."

ಮುಗಿಯಿತು. ನಾನು ಸಮುದ್ರ ದಾಟಿ ತಂದ ಸಾಕ್ಷಿ ಅಂಗಡಿಯ ಕಾಗದದ ಮೇಲಿನ ಭಾರವಾಯಿತು. ದೇವರ ಗೂಡಿನಲ್ಲಿ ಆ ಜಾತಕ ಹಾಗೆಯೇ ಇತ್ತು.

ಯಲಬುರ್ಗಾ

ಅವ್ವನಿಗೆ ಹೇಳದೆ ಯಲಬುರ್ಗಾಕ್ಕೆ ಹೋದೆ. ಬೀಗರು ಕಂಬಳಿ ಹಾಸಿದರು, ಬೆಲ್ಲ ನೀರು ಕೊಟ್ಟರು, ಏನೂ ಕೇಳಲಿಲ್ಲ. ರುಕ್ಮಿಣಿ ಒಳಬಾಗಿಲ ಹಿಂದೆ ನಿಂತಿದ್ದಳು. ಭಾವನ ಎದುರು ಬಂದು ಮಾತಾಡುವ ರೂಢಿ ನಮ್ಮಲ್ಲಿಲ್ಲ. ನಾನು ಬಾಗಿಲಿಗೇ ಕಥೆ ಹೇಳಿದೆ. ನೀನು ಒಡೆದದ್ದಲ್ಲ, ಅದು ಒಂದು ಸತ್ತ ಪ್ರಾಣಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಅವ್ವ ಒಪ್ಪದಿದ್ದರೂ ನಾನು ಇವತ್ತೇ ಕರೆದೊಯ್ಯುತ್ತೇನೆ ಎಂದೆ. ಒಳ್ಳೆಯ ಮಾತು ಹೇಳಿದೆ ಎಂದೇ ನನ್ನ ಎಣಿಕೆ.

ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಆಮೇಲೆ ಅವಳ ದನಿ ಬಂತು. ಮೆಲ್ಲಗೆ, ಆದರೆ ನಡುಕವಿಲ್ಲದೆ.

"ಭಾವಾರ, ನಾ ಬರೂದಿಲ್ರಿ."

"ಯಾಕವ್ವಾ?"

"ಅದು ಜಾರಿದ್ದು ಯಾರ ಕೈಯಿಂದ ಅಂತ ನಾ ಯಾರಿಗೂ ಹೇಳಿಲ್ಲ, ಹೇಳೂದೂ ಇಲ್ಲ. ಆದ್ರ ದೇವ್ರು ಬೀಳಾಕತ್ತಾನ ಅಂತ ನಾ ಕೈ ಒಡ್ಡಿದೆ. ಹೆಂಗಸು ಮುಟ್ಟಬಾರದು ಅನ್ನೂದು ನನಗೂ ಗೊತ್ತಿತ್ರಿ. ಗೊತ್ತಿದ್ದೂ ಒಡ್ಡಿದೆ. ಈಗ ಅದು ಬರೇ ಹುಳ, ನಿಂದೇನೂ ತಪ್ಪಿಲ್ಲ ಬಾ ಅಂದ್ರ, ನಾ ಒಂದು ಹುಳಕ್ಕ ಕೈ ಒಡ್ಡಿ ಮನಿ ಬಿಟ್ಟಂಗಾತು. ಆ ಮಾತಿನ ಮ್ಯಾಲೆ ನನ್ನ ಕರೀಬ್ಯಾಡ್ರಿ."

ಅವಳ ತಂದೆ ತಲೆ ತಗ್ಗಿಸಿದರು. ನಾನು ಬೆಲ್ಲ ನೀರು ಮುಗಿಸಿ ಎದ್ದೆ. ದಾರಿಯುದ್ದಕ್ಕೂ ನನಗೆ ಅವಮಾನವಾಯಿತೋ ಸಂತೋಷವಾಯಿತೋ ತಿಳಿಯಲಿಲ್ಲ.

ಅವ್ವನಿಗೆ ಎಲ್ಲ ಹೇಳಿದೆ. ರುಕ್ಮಿಣಿಯ ಮಾತನ್ನು ಅವಳು ಆಡಿದ ಹಾಗೆಯೇ ಹೇಳಿದೆ. ವೆಂಕಟೇಶ ಊಟದ ಮಣೆಯ ಮೇಲಿದ್ದವನು ತುತ್ತು ತಟ್ಟೆಯಲ್ಲೇ ಬಿಟ್ಟ. "ಅವ್ವ, ಜಾರಿದ್ದು ನನ್ನ ಕೈಯಾಗಿಂದ" ಎಂದ. ಅವ್ವ ಅವನನ್ನು ನೋಡಲಿಲ್ಲ, ಬೈಯಲೂ ಇಲ್ಲ.

"ಬಂಡಿ ಹೂಡಸು" ಎಂದಳು ನನಗೆ. "ನಾ ಹೋಗ್ತೀನಿ."

ಮತ್ತೆ ಯಲಬುರ್ಗಾ

ಗಂಡಿನ ತಾಯಿ ಆಹ್ವಾನವಿಲ್ಲದೆ ಬೀಗರ ಮನೆಗೆ, ಅದೂ ಸೊಸೆಯನ್ನು ಕರೆಯಲು ಹೋಗುವುದು ನಮ್ಮ ಮಂದಿಯಲ್ಲಿಲ್ಲ. ಕುಕನೂರಿನಲ್ಲಿ ಎತ್ತುಗಳಿಗೆ ನೀರು ಕುಡಿಸುವಾಗ ಗುರುತಿನವರು ಬಂಡಿಯೊಳಗೆ ಇಣುಕಿ ನೋಡಿ ಹುಬ್ಬೇರಿಸಿದರು. ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು.

ಬೀಗರು ಗಾಬರಿಯಾಗಿ ಚಾಪೆ ಹುಡುಕುತ್ತಿದ್ದಂತೆ ಅವ್ವ ನಡುಮನೆಯಲ್ಲಿ ನಿಂತೇ ಒಳಬಾಗಿಲ ಕಡೆ ಮುಖ ಮಾಡಿದಳು.

"ರುಕ್ಮಿಣೀ, ಕೇಳು. ಅದು ನಿನ್ನ ಕೈಗೆ ಬಡದು ಬಿತ್ತು, ಅದಕ್ಕ ಎರಡ ಹೋಳಾತು. ನೀ ಕೈ ಒಡ್ಡದಿದ್ರ ಒಮ್ಮೆಲೇ ನೆಲದ ಕಲ್ಲಿಗೆ ಬಿದ್ದು ನುಚ್ಚಾಗಿ ಹೋಗ್ತಿತ್ತು. ಈ ಮಾತು ನನಗ ತಿಳೀಲಿಲ್ಲ. ತಪ್ಪು ನಂದು. ನಡಿ."

ರುಕ್ಮಿಣಿ ಹೊರಗೆ ಬಂದಳು. ಬಹಳ ಸೊರಗಿದ್ದಳು. ಅತ್ತೆಯ ಕಾಲಿಗೆ ಬಗ್ಗಿದವಳನ್ನು ಅವ್ವ ರಟ್ಟೆ ಹಿಡಿದು ಎತ್ತಿದಳು, ಇಬ್ಬರೂ ಅತ್ತರು. ನಾನು ಹೊರಗೆ ಹೋಗಿ ಎತ್ತುಗಳ ಹತ್ತಿರ ನಿಂತೆ.

ತಿರುಗಿ ಬರುವಾಗ ಎರೆಹೊಲಗಳ ನಡುವೆ ಬಂಡಿ ನಿಧಾನವಾಗಿ ಹೋಗುತ್ತಿತ್ತು. ಒಳಗೆ ಅವರಿಬ್ಬರು, ಮುಂದೆ ಬಂಡಿ ಹೊಡೆಯುವವನ ಪಕ್ಕ ನಾನು. ಬಹಳ ಹೊತ್ತಿನ ಮೇಲೆ ರುಕ್ಮಿಣಿ ಅತ್ತೆಯ ಮೂಲಕವೇ ನನ್ನನ್ನು ಕೇಳಿಸಿದಳು. ಆ ಕಡಲಿನಲ್ಲಿ ಸತ್ತವುಗಳಲ್ಲಿ ನಿಜವಾಗಿಯೂ ಒಂದೂ ಉಳಿಯಲಿಲ್ಲವೇ ಎಂದು.

"ಒಂದೂ ಉಳಿಲಿಲ್ಲಂತವ್ವ" ಎಂದೆ.

"ಪಾಪ, ಅವಕ್ಕ ಕೈ ಒಡ್ಡಾಕ ಯಾರೂ ಇರಲಿಲ್ಲೇನ್ರಿ?" ಈ ಸಲ ಅವಳು ನೇರವಾಗಿ ನನ್ನನ್ನೇ ಕೇಳಿದಳು.

"ಎಲ್ಲಿ ಇರಬೇಕು? ಆಗ ಮನುಷ್ಯಾರ ಹುಟ್ಟಿರಲಿಲ್ಲ."

ಬಂಡಿ ಒಂದು ತಗ್ಗು ಇಳಿದು ಏರಿತು. ಆಮೇಲೆ ಅವ್ವ ಅಂದಳು: "ಯಾರೂ ಇರಲಿಲ್ಲ ಅಂತನ, ದೇವ್ರು ತಾನ ಹೋಗಿ ಅದರೊಳಗ ಕುಂತಾನ."

ರುಕ್ಮಿಣಿ ಹೂಂ ಎಂದಳು.